ಗಂಗಮ್ಮನಿಗೆ ಬಿ.ಪಿ. ಬಂದ ದಿನ

ಆ ಸದ್ದು ಕೇಳಿದಾಗ ನಾನು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ಈ ಕೆಲಸ ಮಾಡಿದವರಿಗೆ ಗೊತ್ತು, ಕೈ ತನ್ನ ಪಾಡಿಗೆ ಸಿಪ್ಪೆಯಿಂದ ಬೇಳೆ ಚಿಮ್ಮಿಸುತ್ತಿರುತ್ತದೆ, ಮನಸ್ಸು ಇನ್ನೆಲ್ಲೋ ತಿರುಗುತ್ತಿರುತ್ತದೆ. ಹಾಗೆ ಮನಸ್ಸು ತಿರುಗುವಾಗ ಏನೋ ಕೇಳಿದಂತಾಗಿರಬೇಕು ಎಂದು ನೀವು ಹೇಳಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡೆ.

ನಾನು ದೇವರನ್ನು ನಂಬುವವಳು. ಬೆಳಿಗ್ಗೆ ದೀಪ ಹಚ್ಚದೆ ನೀರು ಕುಡಿದ ದಿನವಿಲ್ಲ. ಆದರೆ ದೇವರ ಹೆಸರಿನಲ್ಲಿ ಜನ ಹೇಳುವ ಕತೆಗಳನ್ನು ನಂಬುವವಳಲ್ಲ. ಒಮ್ಮೆ ನಮ್ಮೂರಿನ ಬೇವಿನ ಮರದಲ್ಲಿ ಹಾಲು ಸುರಿಯುತ್ತಿದೆ ಎಂದು ಇಡೀ ಬೀದಿಯೇ ಚೊಂಬು ಹಿಡಿದು ಓಡಿತು. ಒಲೆಯ ಮೇಲಿನ ಹಾಲು ಉಕ್ಕೀತೆಂದು ನಾನು ಮನೆಯಲ್ಲೇ ಉಳಿದೆ. ಇನ್ನೊಬ್ಬರ ಮನೆಯ ಪಟದಿಂದ ವಿಭೂತಿ ಉದುರಿದಾಗ, ಗೋಡೆಯ ಸುಣ್ಣವಿರಬೇಕು ನೋಡಿ ಎಂದು ಬಾಯಿಬಿಟ್ಟು ಹೇಳಿ ಬೈಸಿಕೊಂಡಿದ್ದೆ. ಹೀಗೆಲ್ಲ ಮಾತಾಡಿದ ಬಾಯಿಂದಲೇ ಈಗ ಇದನ್ನು ಹೇಳಬೇಕಾಗಿದೆ. ನಗುವವರು ನಗಬಹುದು. ನಗು ಬರುವಂಥದ್ದೇ ಇದು.

ನಮ್ಮದು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ ಕಡೆಯ ಒಂದು ಚಿಕ್ಕ ಊರು. ನಮ್ಮ ಯಜಮಾನರಿಗೆ ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಕೆಲಸ, ಬೆಳಿಗ್ಗೆ ಆರಕ್ಕೇ ಗಾಡಿ ಏರಿ ಹೊರಟುಬಿಡುತ್ತಾರೆ. ನನ್ನ ತವರು ತಿಪಟೂರಿನ ಕಡೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆಯ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ, ಈಗ ಅವರು ಮಾತಾಡದಿದ್ದರೂ ಅರ್ಥವಾಗುತ್ತದೆ. ಅತ್ತೆಯ ಹೆಸರು ಮುನಿವೆಂಕಟಮ್ಮ. ಎರಡು ಹಸು ಕಟ್ಟಿಕೊಂಡು, ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಬುದ್ಧಿ ಹೇಳಿ ಬರುವ ಗಟ್ಟಿ ಹೆಂಗಸು.

ಆ ವರ್ಷ ಅವರು ಗಟ್ಟಿಯಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ಹಿಂದಲೆ ನೋವು. ಬಗ್ಗಿ ಸಗಣಿ ಎತ್ತಿ ತಲೆಯೆತ್ತಿದರೆ ಕಣ್ಣು ಕತ್ತಲೆ. ಒಂದು ದಿನ ಕೊಟ್ಟಿಗೆಯ ಕಂಬ ತಬ್ಬಿಕೊಂಡು ನಿಂತಿದ್ದರು. ಏನತ್ತೆ ಎಂದರೆ ಕಂಬಕ್ಕೆ ಗೆದ್ದಲು ಹಿಡಿದಿದೆಯೋ ನೋಡ್ತಿದ್ದೀನಿ ಎಂದರು. ಇನ್ನೊಂದು ದಿನ ಮೂಗಿನಲ್ಲಿ ರಕ್ತ ಬಂತು, ಅದಕ್ಕೆ ಉಷ್ಣ ಎಂದು ಹೆಸರಿಟ್ಟರು. ಕಣತಲೆಗೆ ನಿಂಬೆಸಿಪ್ಪೆ ಅಂಟಿಸಿಕೊಂಡು ಓಡಾಡುತ್ತಿದ್ದರೇ ಹೊರತು ಆಸ್ಪತ್ರೆ ಎಂಬ ಮಾತು ಮಾತ್ರ ಎತ್ತುವ ಹಾಗಿರಲಿಲ್ಲ.

ಅದಕ್ಕೆ ಅವರದೇ ಕಾರಣವಿತ್ತು. ಅವರ ಅಕ್ಕ ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನಲ್ಲಿದ್ದವರು. ಯಾರೋ ಹೇಳಿದರೆಂದು ಒಮ್ಮೆ ಬಿ.ಪಿ. ನೋಡಿಸಿಕೊಂಡರಂತೆ, ಅಲ್ಲಿಂದ ಸಾಯುವವರೆಗೆ ಮಾತ್ರೆ ತಪ್ಪಲಿಲ್ಲವಂತೆ. "ತೋಳ್ಗೆ ಆ ಪಟ್ಟಿ ಕಟ್ಟೋವರೆಗೂ ನಮ್ಮಕ್ಕ ಕಲ್ಲುಗುಂಡಿನಂಗಿದ್ಲು. ಕಟ್ಟಿದ್ ದಿನಾನೇ ಕಾಯ್ಲೆ ಒಳಕ್ಕೋಯ್ತು. ನಂಗದು ಬ್ಯಾಡ" ಎನ್ನುತ್ತಿದ್ದರು.

ನಮ್ಮೂರ ಆಶಾ ಕಾರ್ಯಕರ್ತೆ ರತ್ನ ಇದಕ್ಕೆ ಸೋತು ಸುಣ್ಣವಾಗಿದ್ದಳು. ಮೂವತ್ತು ದಾಟಿದವರಿಗೆಲ್ಲ ಬಿ.ಪಿ., ಸಕ್ಕರೆ ನೋಡಿ ಬರೆದುಕೊಳ್ಳಬೇಕೆಂದು ಅವಳಿಗೆ ಮೇಲಿನಿಂದ ಹೇಳಿದ್ದರು. ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಹೆಂಗಸರು ಆಮೇಲೆ ಬಾ ಎನ್ನುತ್ತಾರೆ, ಮುದುಕರು ಅವಳ ಗಾಡಿಯ ಸದ್ದು ಕೇಳಿದರೆ ಹಿತ್ತಲ ಬಾಗಿಲಿನಿಂದ ಮಾಯವಾಗುತ್ತಾರೆ. ಸರ್ಕಾರಿ ಆಸ್ಪತ್ರೆ ಇರುವುದು ಪಕ್ಕದ ದೊಡ್ಡೂರಿನಲ್ಲಿ. ಇರುವ ಒಬ್ಬರು ಡಾಕ್ಟರಮ್ಮನಿಗೆ ಎರಡು ಆಸ್ಪತ್ರೆಯ ಹೊಣೆ, ನಮ್ಮ ಕಡೆಗೆ ವಾರಕ್ಕೆ ಮೂರೇ ದಿನ. ಸೋಮವಾರ, ಬುಧವಾರ, ಶುಕ್ರವಾರ. ನಮ್ಮೂರಿನಲ್ಲಿ ಕಾಯಿಲೆ ಬೀಳುವವರು ಮೊದಲು ವಾರ ನೋಡಿಕೊಂಡು ಬೀಳಬೇಕು.

ಅವತ್ತು ಗುರುವಾರ. ಬೆಳಿಗ್ಗೆ ರತ್ನ ಗಾಡಿ ನಿಲ್ಲಿಸಿ ಬಿ.ಪಿ. ನೋಡುವ ಮಿಷನ್ನಿನ ಡಬ್ಬಿ ತಂದು ನನ್ನ ಕೈಗಿಟ್ಟಳು. ಬಂಗಾರಪೇಟೆಯಲ್ಲಿ ಅವಳಿಗೆ ಮೀಟಿಂಗ್ ಇತ್ತು. ಇನ್ನೊಬ್ಬಳನ್ನು ಹಿಂದೆ ಕೂರಿಸಿಕೊಂಡು ಹೋಗಬೇಕು, ಮಿಷನ್ನು ಬಿದ್ದು ಒಡೆದರೆ ಯಾರು ಜವಾಬು ಹೇಳುವುದು ಎಂದಳು.

"ಸಾಯಂಕಾಲ ತಗೊಂಡೋಗ್ತೀನಿ ಅಕ್ಕಾ. ಪಟ್ಟೀನ ಮಾತ್ರ ಮಡಚಬೇಡಿ, ಒಳಗಿನ ರಬ್ಬರು ಸೀಳ್ಕೊಂಡ್ಬುಡ್ತದೆ. ಗುಂಡಗಿರೋದ್ ಯಾವ್ದುಕ್ಕಾದ್ರೂ ಸುತ್ತಿ ಇಡಿ. ಇಲಿ ಬರೋ ಕಡೆ ಇಡ್ಬೇಡಿ, ತಿಮ್ಮಯ್ಯನವರ ಮನೇಲಿ ಒಂದು ಪೈಪು ತಿಂದಾಕವೆ."

ಇಲಿ ಬಾರದ ಜಾಗ ನಮ್ಮ ಮನೆಯಲ್ಲಿ ಒಂದೇ, ದೇವರ ಗೂಡು. ಕರ್ಪೂರದ ವಾಸನೆಗೋ, ಅಮ್ಮನ ಭಯಕ್ಕೋ, ಅಲ್ಲಿಗೆ ಅವು ಸುಳಿಯುವುದಿಲ್ಲ. ಗೂಡಿನಲ್ಲಿ ನಮ್ಮ ಮನೆದೇವರು ಗಂಗಮ್ಮ ಇದ್ದಾಳೆ. ಒಂದು ಸಣ್ಣ ತಾಮ್ರದ ಚೊಂಬು, ಅದಕ್ಕೆ ಬೆಳ್ಳಿಯ ಮುಖ, ಮೇಲೊಂದು ತೆಂಗಿನಕಾಯಿ, ಅಷ್ಟೆ. ಗುಂಡಗಿರುವುದು ಏನಿದೆಯೆಂದು ಸುತ್ತಲೂ ನೋಡಿದೆ. ಡಬ್ಬಗಳೆಲ್ಲ ಚೌಕ. ಚೊಂಬಿನ ಮೇಲೆ ಕಣ್ಣು ಬಿತ್ತು. ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅರಿಶಿನದ ನೀರು ಚಿಮುಕಿಸಿ, ತಪ್ಪಾಯಿತು ತಾಯಿ ಎಂದು ಕೆನ್ನೆ ಬಡಿದುಕೊಂಡು, ಅಮ್ಮನ ಕತ್ತಿನ ಕೆಳಗೆ ಸುತ್ತಿದೆ. ಸುತ್ತುತ್ತಾ ಬೇಡಿಕೊಂಡೆ. ಅಮ್ಮಾ, ನನ್ನ ಮಾತು, ಯಜಮಾನರ ಮಾತು, ರತ್ನನ ಮಾತು ಯಾವುದೂ ಅತ್ತೆಯ ಕಿವಿಗೆ ಹೋಗುತ್ತಿಲ್ಲ, ಇದೊಂದು ಪಟ್ಟಿಯನ್ನು ಒಂದೇ ಒಂದು ಸಲ ಅವರ ತೋಳಿಗೆ ಕಟ್ಟಿಸಿಬಿಡು, ಆಮೇಲೆ ನಿನ್ನಿಷ್ಟ. ಇಷ್ಟೇ ನಾನು ಬೇಡಿದ್ದು.

ಆಮೇಲೆ ಬಂದು ಅವರೆಕಾಳಿನ ಮುಂದೆ ಕೂತೆ. ಹನ್ನೊಂದು ಗಂಟೆಯ ಹೊತ್ತಿರಬಹುದು. ಅತ್ತೆ ಹಸುಗಳಿಗೆ ಹುಲ್ಲು ತರಲು ಹೊಲಕ್ಕೆ ಹೋಗಿದ್ದರು. ದೇವರ ಗೂಡಿನ ಕಡೆಯಿಂದ ಗುಂಯ್ ಎಂದು ಸದ್ದು ಬಂತು. ಜೇನು ಇರಬೇಕೆಂದು ಪೊರಕೆ ಹಿಡಿದು ಹೋದೆ.

ಜೇನಲ್ಲ. ಚೊಂಬಿಗೆ ಸುತ್ತಿದ ಪಟ್ಟಿ ತಾನಾಗಿ ಉಬ್ಬುತ್ತಿತ್ತು. ಚೆನ್ನಾಗಿ ಉಬ್ಬಿ ಅಮ್ಮನ ಕೊರಳಿಗೆ ಬಿಗಿದುಕೊಂಡು ಒಂದು ಗಳಿಗೆ ನಿಂತಿತು. ಆಮೇಲೆ ಸುಯ್ಯೆಂದು ಗಾಳಿ ಬಿಡುತ್ತಾ ಇಳಿಯಿತು. ಪಕ್ಕದಲ್ಲಿಟ್ಟಿದ್ದ ಮಿಷನ್ನಿನ ಗಾಜಿನಲ್ಲಿ ಹೃದಯದ ಗುರುತು ಮಿಣಿಮಿಣಿ ಎಂದು, ಒಂದರ ಕೆಳಗೊಂದು ಮೂರು ಅಂಕಿ ಮೂಡಿದವು. ಇನ್ನೂರ ಆರು. ನೂರ ಹದಿನೆಂಟು. ಐವತ್ತೆಂಟು.

ಕೈಕಾಲು ತಣ್ಣಗಾದವು ಎಂದರೆ ಸುಳ್ಳಾಗುತ್ತದೆ. ಮೊದಲು ಬಂದ ಯೋಚನೆ, ರತ್ನನ ಮಿಷನ್ನು ಕೆಟ್ಟಿತಲ್ಲ, ಬಂದು ಏನು ಹೇಳುತ್ತಾಳೋ ಎಂಬುದು. ಕೆಟ್ಟಿದ್ದರೆ ಹೇಳಲು ಇರಲಿ ಎಂದು ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಮೂರೂ ಅಂಕಿ ಬರೆದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಪಾಪಕ್ಕ ಮೊಸರಿಗೆ ಹೆಪ್ಪು ಕೇಳಿಕೊಂಡು ಒಳಗೆ ಬಂದಳು. ಅಂಕಿಗಳು ಇನ್ನೂ ಆರಿರಲಿಲ್ಲ. ಅವಳು ಗೂಡು ನೋಡಿದಳು, ಚೊಂಬು ನೋಡಿದಳು, ನನ್ನ ಕೈಯಲ್ಲಿದ್ದ ಪೊರಕೆ ನೋಡಿದಳು.

"ಅಮ್ಮನಿಗೇ ಬಿ.ಪಿ. ನೋಡ್ತಿದ್ದೀಯೇನೇ?"

"ನಾನೇನೂ ನೋಡಲಿಲ್ಲ ಪಾಪಕ್ಕ, ಅದೇ ನೋಡಿಕೊಂಡಿತು."

"ಎಷ್ಟೈತೆ?"

"ಇನ್ನೂರ ಆರು."

ಪಾಪಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವುಡಾ! ನಮ್ಮೆಜಮಾನ್ರು ನೂರ ಎಂಬತ್ತಕ್ಕೇ ಬಿದ್ದೋದ್ರು" ಎಂದವಳೇ ಹೆಪ್ಪು ಮರೆತು ಬೀದಿಗಿಳಿದಳು. ಆಮೇಲೆ ನಾನು ಯಾರಿಗೂ ಏನೂ ಹೇಳಬೇಕಾದ ಕೆಲಸವೇ ಬೀಳಲಿಲ್ಲ.

ಅತ್ತೆ ಹುಲ್ಲಿನ ಹೊರೆ ಇಳಿಸುವ ಹೊತ್ತಿಗೆ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು. ಒಬ್ಬಳು ಮಜ್ಜಿಗೆ ತಂದಿದ್ದಳು, ಒಬ್ಬಳು ಎಳೆಸೌತೆಕಾಯಿ, ಇನ್ನೊಬ್ಬಳು ಎಳನೀರು. ಎಲ್ಲ ಅಮ್ಮನ ತಂಪಿಗೆ. ನೈವೇದ್ಯಕ್ಕೆ ಇನ್ನು ಖಾರದ ಪುಳಿಯೋಗರೆ ಇಡಬಾರದು ಎಂದು ಒಬ್ಬರು, ಊರ ಕೆರೆಕುಂಟೆಯ ನೀರಿಗೆ ಕೋಳಿ ಅಂಗಡಿಯ ಗಲೀಜು ಬಿಟ್ಟರೆ ಗಂಗಮ್ಮನಿಗೆ ಬಿ.ಪಿ. ಏರದೆ ಇನ್ನೇನಾಗುತ್ತದೆ ಎಂದು ಇನ್ನೊಬ್ಬರು. ಅತ್ತೆ ಎಲ್ಲ ಕೇಳಿಸಿಕೊಂಡು, ಗೂಡಿನ ಮುಂದೆ ನಿಂತು, ನನ್ನ ಕಡೆ ತಿರುಗಿದರು.

"ಊರೋರ್ ತೋಳಿಗೆಲ್ಲಾ ಕಟ್ಟಿದ್ದನ್ನ ತಂದು ಅಮ್ಮನ ಕತ್ತಿಗೆ ಬಿಗಿದಿದ್ದೀಯಲ್ಲಾ, ಏನಮ್ಮಾ ನಿನ್ನ ಬುದ್ಧಿ? ಸಿಟ್ಟು ನೆತ್ತಿಗೇರೈತೆ ಅವ್ಳಿಗೆ. ಬಿ.ಪಿ. ಅಲ್ಲ ಅದು, ನಿನ್ ಮೇಲಿನ್ ಸಿಟ್ಟು!"

ತಲೆ ತಗ್ಗಿಸಿ ಬೈಸಿಕೊಂಡೆ. ಪುಣ್ಯಕ್ಕೆ ಬೈಯುತ್ತಾ ಬೈಯುತ್ತಾ ಅವರಿಗೇ ತಲೆ ತಿರುಗಿ ಗೋಡೆ ಹಿಡಿದುಕೊಂಡರು, ಬೈಗುಳ ಅಲ್ಲಿಗೆ ನಿಂತಿತು. ಅದನ್ನು ಪುಣ್ಯ ಎಂದದ್ದಕ್ಕೆ ಆಮೇಲೆ ಗೂಡಿನ ಮುಂದೆ ನಿಂತು ಕೆನ್ನೆ ಬಡಿದುಕೊಂಡೆ.

ಸಂಜೆ ನಾಲ್ಕಕ್ಕೆ ರತ್ನ ಬಂದಳು. ನಿನ್ನ ಮಿಷನ್ನು ತಾನಾಗಿ ಓಡುತ್ತದೆ, ತೆಗೆದುಕೊಂಡು ಹೋಗಮ್ಮ ಎಂದು ನಡೆದದ್ದೆಲ್ಲ ಹೇಳಿದೆ. ಅವಳು ನಗಲಿಲ್ಲ. ಹೆಗಲ ಚೀಲಕ್ಕೆ ಕೈಹಾಕಿ, ರಬ್ಬರ್ ಬ್ಯಾಂಡ್ ಸುತ್ತಿದ ನಾಲ್ಕು ಸೆಲ್ಲು ಹೊರಗೆ ತೆಗೆದಳು.

"ಅಕ್ಕಾ, ಸೆಲ್ಲು ನನ್ನತ್ರ ಅವೆ. ಯಾರ ಮನೇಲಿಟ್ರೂ ಟಿ.ವಿ. ರಿಮೋಟ್‌ಗೆ ಹಾಕ್ಕೊಂಡ್ಬುಡ್ತಾರೆ ಅಂತ ಬೆಳಿಗ್ಗೆ ಗಾಡಿ ಹತ್ರಾನೇ ತೆಗ್ದಿದ್ದೆ."

ಮಿಷನ್ನಿನ ಬೆನ್ನಿನ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಖಾಲಿ. ಆಗ ನೋಡಿ, ಕೈಕಾಲು ತಣ್ಣಗಾದವು.

ಅಂಗಳದ ಹೆಂಗಸರೆಲ್ಲ ಒಟ್ಟಿಗೆ ಕೈ ಮುಗಿದರು. ರತ್ನ ನನ್ನನ್ನು ಪಕ್ಕಕ್ಕೆ ಕರೆದು ಕ್ಯಾಲೆಂಡರಿನ ಹಾಳೆ ನೋಡಿದಳು. "ಚೊಂಬಿಗೆ ನಾಡಿ ಇರಲ್ಲ ಅಕ್ಕಾ. ಇದು ಯಾರ್ದೋ ಮನುಷ್ಯರ ನಂಬರು. ಇಷ್ಟು ಇಟ್ಕೊಂಡು ಓಡಾಡ್ತಿದ್ರೆ ಯಾವತ್ತಾದ್ರೂ ಲಕ್ವ ಹೊಡೀತದೆ" ಎಂದು ಮೆಲ್ಲಗೆ ಹೇಳಿದಳು. ಇಬ್ಬರೂ ಒಟ್ಟಿಗೆ ಅತ್ತೆಯ ಕಡೆ ನೋಡಿದೆವು. ಅವರು ಜಗಲಿಯ ಮೇಲೆ ಕೂತು ಕಣತಲೆ ಒತ್ತಿಕೊಳ್ಳುತ್ತಿದ್ದರು.

ರತ್ನ ಸೆಲ್ಲು ಹಾಕಿಕೊಂಡು ಪಟ್ಟಿ ಹಿಡಿದು ಹೋದಳು. ಅತ್ತೆ ಎರಡೂ ಕೈ ಸೆರಗಿನೊಳಗೆ ಹುದುಗಿಸಿಕೊಂಡರು. "ಅಮ್ಮನಿಗೆ ಕಟ್ಟಿದ್ದನ್ನ ನಾನು ಕಟ್ಟಿಸ್ಕೊಳ್ಳಾದಾ? ಏಳೇಳು ಜನ್ಮದ ಪಾಪ ಸುತ್ಕೊಂತದೆ. ಓಗಮ್ಮಿ ಅತ್ಲಾಗೆ!" ನನ್ನ ಬೇಡಿಕೆ ನನ್ನ ಮೇಲೇ ತಿರುಗಿ ಬಿತ್ತು. ಮೊದಲು ಹಟ ಮಾತ್ರ ಇತ್ತು, ಈಗ ಹಟಕ್ಕೆ ಶಾಸ್ತ್ರವೂ ಸೇರಿಕೊಂಡಿತು.

ರಾತ್ರಿ ಯಜಮಾನರು ಎಲ್ಲ ಕೇಳಿ, ನೀನೇ ರಿಮೋಟಿನ ಸೆಲ್ಲು ಹಾಕಿರಬೇಕು ಎಂದು ಹೇಳಿ, ಅದೇ ರಿಮೋಟು ಒತ್ತಿ ವಾರ್ತೆ ಹಾಕಿಕೊಂಡರು. ಅತ್ತೆಗೆ ಮಾತ್ರ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಗೂಡಿನಿಂದ ಚೊಂಬನ್ನು ಇಳಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನಿಂತರು.

"ಆಟೋ ಕರಿ. ಆಸ್ಪತ್ರೆಗೆ ಓಗಾನ."

ನಾನು ಅವಸರದಲ್ಲಿ ಅವರ ಚಪ್ಪಲಿ ಹುಡುಕಿ ಮುಂದಿಟ್ಟೆ. ಅತ್ತೆ ಮುಖ ಗಂಟು ಹಾಕಿಕೊಂಡರು.

"ನಂಗಲ್ಲಾ. ಇವ್ಳಿಗೆ ತೋರಿಸ್ಬೇಕು. ಸೆಲ್ಲಿಲ್ದೆ ತಾನಾಗಿ ತೋರಿಸ್ಕೊಂಡವ್ಳೆ ಅಂದ್ರೆ ಏನೋ ಸಂಕಟ ಐತೆ ಅಂತ ತಾನೆ? ಮನೆದೇವ್ರು ನರಳ್ತಿರೋವಾಗ ಸುಮ್ಕೆ ಕೂತ್ಕೊಂಡ್ರೆ ನಾವೇನ್ ಮನುಷ್ರಾ?"

ದೇವರಿಗೆ ಡಾಕ್ಟರೇ ಎಂದು ನಗುವಷ್ಟು ದಡ್ಡಿ ನಾನಲ್ಲ. ಯಾರಿಗಾದರೂ ಸರಿ, ಅತ್ತೆಯ ಕಾಲು ಆಸ್ಪತ್ರೆಯ ಕಡೆ ತಿರುಗಿತಲ್ಲ. ಅವತ್ತು ಶುಕ್ರವಾರ, ಡಾಕ್ಟರಮ್ಮ ಬರುವ ದಿನ, ಅದೊಂದು ಪುಣ್ಯ. ಅಮ್ಮನನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಕೊಂಡೊಯ್ಯುವ ಹಾಗಿಲ್ಲ, ಕೆ.ಜಿ.ಎಫ್.ನ ಊರಿಗಾಂ ಕಡೆಯಿಂದ ಯಾರನ್ನೋ ಬಿಡಲು ಬಂದಿದ್ದ ಸೆಲ್ವಂನ ಆಟೋ ಬೇವಿನ ಮರದ ಕೆಳಗೆ ನಿಂತಿತ್ತು, ಅದು ಇನ್ನೊಂದು. ಕ್ಯಾಲೆಂಡರಿನ ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಹತ್ತಿದೆ.

"ಎನ್ನಮ್ಮಾ, ಪೇಷೆಂಟ್ ಯಾರು?" ಎಂದು ಸೆಲ್ವಂ ಕನ್ನಡಿಯಲ್ಲಿ ನೋಡಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದ.

ಅತ್ತೆ ಮಡಿಲಿನ ಕಡೆ ಗಲ್ಲ ತೋರಿಸಿದರು. "ಇವ್ಳು. ಬಿ.ಪಿ. ಏರೈತೆ."

ಅವನು ಗಾಡಿ ನಿಲ್ಲಿಸಿದ. ಇಳಿದು, ಚಪ್ಪಲಿ ಬಿಚ್ಚಿ ಸೀಟಿನಡಿ ತಳ್ಳಿ, ಮತ್ತೆ ಹತ್ತಿದ. "ಸಾಮಿ ವಿಷಯಂ ಅಜ್ಜೀ, ಮೊದ್ಲೇ ಹೇಳ್ಬಾರ್ದಾ? ಈ ರೋಡಲ್ಲಿ ಗುಂಡಿ ಜಾಸ್ತಿ. ಕುಲುಕಿ ಇನ್ನೂ ಏರ್‍ಬಿಟ್ರೆ ನನ್ ತಲೆ ಮೇಲೆ ಬರುತ್ತೆ" ಎಂದು, ಹೆಣ್ಣು ನೋಡಲು ಹೊರಟವರ ಗಾಡಿಯ ಹಾಗೆ ಮೆಲ್ಲಗೆ ಓಡಿಸಿದ.

ಆಸ್ಪತ್ರೆಯ ಜಗಲಿಯ ತುಂಬ ಜನ. ಎಂದಿನಂತಾದರೆ ಮಧ್ಯಾಹ್ನವಾಗುತ್ತಿತ್ತು. ಬೆಳ್ಳಿಯ ಮುಖ ಕಾಣುತ್ತಲೇ ಕೂತವರೆಲ್ಲ ಎದ್ದು ದಾರಿ ಬಿಟ್ಟರು. ಕೆಮ್ಮುತ್ತಿದ್ದ ಒಬ್ಬ ತಾತ ಕೆಮ್ಮು ನಿಲ್ಲಿಸಿ ಕೈ ಮುಗಿದ. ನೇರ ಒಳಗೆ ಹೋದೆವು.

ಒಳಗಿದ್ದ ನರ್ಸಮ್ಮ ಬೆಳಗಿನಿಂದ ಚೀಟಿ ಬರೆದು ಬರೆದು ಸೋತಿದ್ದರು, ತಲೆಯೆತ್ತಲೂ ಇಲ್ಲ.

"ಹೆಸರು?"

"ಗಂಗಮ್ಮ" ಎಂದರು ಅತ್ತೆ.

"ವಯಸ್ಸು?"

"ಯಾರ್ ಕಂಡ್ರು? ನಮ್ಮತ್ತೆ ಮದ್ವೇಲೂ ಇದ್ಲು."

ನರ್ಸಮ್ಮ ತಲೆಯೆತ್ತಿ ಅತ್ತೆಯ ಸುಕ್ಕು ನೋಡಿ ಎಪ್ಪತ್ತು ಎಂದು ಬರೆದುಕೊಂಡರು. ಏನು ತೊಂದರೆ ಎಂದರು. ಬಿ.ಪಿ. ಎಂದರು ಅತ್ತೆ. ಕೂತ್ಕೊಳ್ಳಿ ಎಂದವರೇ ಎದ್ದು ಬಂದು, ಅತ್ತೆಯ ರವಿಕೆಯ ತೋಳು ಸರಿಸಿ, ಪಟ್ಟಿ ಸುತ್ತಲು ಶುರು ಮಾಡಿದರು. ಆ ಆಸ್ಪತ್ರೆಯದು ಸೆಲ್ಲಿನ ಮಿಷನ್ನಲ್ಲ, ಪಾದರಸ ಏರುವ ಹಳೆಯ ಉದ್ದನೆಯ ಪೆಟ್ಟಿಗೆ.

"ನಂಗಲ್ಲ ಕಣಮ್ಮಾ! ಇವ್ಳಿಗೆ, ಇವ್ಳಿಗೆ!" ಅತ್ತೆ ಗಲ್ಲದಿಂದ ಚೊಂಬನ್ನು ತೋರಿಸಿದರು. ಕೈ ಎಳೆದುಕೊಳ್ಳುವ ಹಾಗಿರಲಿಲ್ಲ. ಎರಡೂ ಕೈಯಲ್ಲಿ ಅಮ್ಮ. ಆಸ್ಪತ್ರೆಯ ನೆಲದ ಮೇಲೆ, ಔಷಧಿ ಮೇಜಿನ ಮೇಲೆ ಅಮ್ಮನನ್ನು ಇಳಿಸುವುದುಂಟೇ? ಕಣ್ಣಲ್ಲೇ ನನ್ನನ್ನು ಕರೆದರು. "ಹಿಡ್ಕೊಳ್ಳಮ್ಮಾ, ಹಿಡ್ಕೋ ಇವ್ಳನ್ನ!"

ನಾನು ಕೈ ಚಾಚಿದ್ದರೆ ಅವರು ಅಲ್ಲಿಂದ ಎದ್ದು ಓಡುತ್ತಿದ್ದರು. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಸುಳ್ಳನ್ನು ಇವತ್ತಿಗೂ ಅಮ್ಮನೆದುರು ಒಪ್ಪಿಕೊಳ್ಳುತ್ತೇನೆ.

"ನಾನು ಮುಟ್ಟೋ ಹಾಗಿಲ್ಲ ಅತ್ತೆ."

"ಬೆಳಿಗ್ಗೆ ನೀನೇ ದೀಪ ಅಚ್ಚಿದ್ಯಲ್ಲೇ!"

"ಈಗ ಆಟೋದಲ್ಲಿ..." ಎಂದು ತಡವರಿಸಿ, ಗೋಡೆಯ ಮೇಲಿದ್ದ ಪೋಲಿಯೋ ಹನಿಯ ಚಿತ್ರವನ್ನು ಬಹಳ ಭಕ್ತಿಯಿಂದ ನೋಡತೊಡಗಿದೆ.

"ಅಲ್ಲಾಡಬೇಡಿ ಅಜ್ಜಿ, ಮಾತಾಡಬೇಡಿ. ತಪ್ಪು ತೋರಿಸುತ್ತೆ" ಎಂದು ನರ್ಸಮ್ಮ ಗಾಳಿ ಒತ್ತಿದರು. ಅತ್ತೆ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಅಮ್ಮನನ್ನು ಎದೆಗವಚಿಕೊಂಡರು. ನರ್ಸಮ್ಮ ಕಿವಿಗೆ ಕೊಳವೆ ಇಟ್ಟು ಕೇಳಿದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಗಾಳಿ ಒತ್ತಿ ಕೇಳಿದರು. ಆಮೇಲೆ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ನಾಡಿ ಎಣಿಸಿದರು. ಚೀಟಿಯ ಮೇಲೆ ಬರೆದು ನೇರ ಡಾಕ್ಟರಮ್ಮನ ಕೋಣೆಗೆ ಹೋದರು.

ನಾನು ಬಗ್ಗಿ ಚೀಟಿ ನೋಡಿದ್ದೆ. ಇನ್ನೂರ ಆರು. ನೂರ ಹದಿನೆಂಟು. ಐವತ್ತೆಂಟು.

ಡಾಕ್ಟರಮ್ಮ ದಾವಣಗೆರೆ ಕಡೆಯ ಚಿಕ್ಕ ವಯಸ್ಸಿನ ಹುಡುಗಿ. ಕುರ್ಚಿ ಬಿಟ್ಟು ತಾವೇ ಎದ್ದು ಬಂದರು. ಹಿಂದಲೆ ನೋವಿದೆಯಾ, ಕಣ್ಣು ಮಂಜಾಗುತ್ತಾ, ಮೂಗಲ್ಲಿ ರಕ್ತ ಬಂದಿತ್ತಾ ಎಂದು ಕೇಳಿದ್ದಕ್ಕೆಲ್ಲ ಅತ್ತೆ ಇಲ್ಲ ಎಂದರು, ಅವರ ಹಿಂದೆ ನಿಂತು ನಾನು ಹೌದೆಂದು ತಲೆಯಾಡಿಸಿದೆ. ಅತ್ತೆಯನ್ನು ಮಂಚದ ಮೇಲೆ ಮಲಗಿಸಿದರು. ಅಮ್ಮ ಅವರ ಹೊಟ್ಟೆಯ ಮೇಲೆ ಕೂತಿದ್ದಳು. ಆಂಬುಲೆನ್ಸಿಗೆ ಫೋನು ಹೋಯಿತು, ಕೋಲಾರದ ದೊಡ್ಡಾಸ್ಪತ್ರೆಗೆ ಹೋಗಬೇಕು, ಎದೆಯ ಪರೀಕ್ಷೆ ಆಗಬೇಕು ಎಂದರು.

ಜಗಲಿಗೆ ಕರೆದು ನನಗೊಬ್ಬಳಿಗೆ ಹೇಳಿದರು. "ಇವತ್ತು ಕರ್ಕೊಂಡು ಬಂದಿದ್ದು ಒಳ್ಳೇದಾಯ್ತಮ್ಮ. ಹೀಗೇ ಇನ್ನೊಂದು ವಾರ ಬಿಟ್ಟಿದ್ರೆ ಏನಾಗ್ತಿತ್ತೋ ಹೇಳಕ್ಕಾಗಲ್ಲ."

ನಾನು ಪರ್ಸಿನಿಂದ ಕ್ಯಾಲೆಂಡರಿನ ಹಾಳೆ ತೆಗೆದು ಕೊಟ್ಟೆ. ಅವರು ಅದನ್ನು ನೋಡಿದರು, ಚೀಟಿ ನೋಡಿದರು.

"ಇದು ಯಾವಾಗ ನೋಡಿದ್ದು?"

"ನಿನ್ನೆ ಮೇಡಂ."

"ಯಾರಿಗೆ?"

ಬಾಗಿಲಿನಿಂದಲೇ ಅಮ್ಮನನ್ನು ತೋರಿಸಿದೆ. ಡಾಕ್ಟರಮ್ಮ ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡುತ್ತಿರುವಾಗ ಆಂಬುಲೆನ್ಸ್ ಬಂತು. ಅದೂ ಒಂದು ಪುಣ್ಯ.

ಆಂಬುಲೆನ್ಸಿನಲ್ಲಿ ಅತ್ತೆ ಅಮ್ಮನನ್ನು ಎದೆಗವಚಿಕೊಂಡು ಮಲಗಿದ್ದರು. ಹೆದರಿದ್ದರು. ಮದುವೆಯಾಗಿ ಬಂದಂದಿನಿಂದ ಅವರು ಹೆದರಿದ್ದನ್ನು ನಾನು ನೋಡಿರಲಿಲ್ಲ. ಕೈ ಹಿಡಿಯೋಣವೆಂದರೆ ನನ್ನ ಸುಳ್ಳು ಅಡ್ಡ ಬಂತು, ಮುಟ್ಟುವ ಹಾಗಿಲ್ಲವಲ್ಲ. ಆ ದಾರಿಯುದ್ದಕ್ಕೂ ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇಕಿರಲಿಲ್ಲ. ಕೋಲಾರ ಹತ್ತಿರವಾದಾಗ ಅವರೇ ಕೇಳಿದರು.

"ನಂದೇ ಅಂತೀಯಾ ಅದು?"

"ಹೌದತ್ತೆ."

"ಮತ್ತೆ ಇವ್ಳ್ಯಾಕೆ ತನ್ ಮೇಲೆ ಒತ್ಕೊಂಡ್ಲು?"

"ನೀವು ಒಪ್ಪಲಿಲ್ಲವಲ್ಲ, ಅದಕ್ಕೆ."

ಅಮ್ಮನ ಬೆಳ್ಳಿಯ ಮುಖ ಸವರಿ, "ಪಾಪದೋಳು. ಮಾತ್ರೆ ನುಂಗಾಕೆ ಅವ್ಳಿಗೆ ಆಗಲ್ಲ. ಇರ್ಲಿ, ಅದೊಂದು ನಾನು ನುಂಗ್ತೀನಿ" ಎಂದರು. ಅಮ್ಮನಿಗೆ ದೊಡ್ಡ ಉಪಕಾರ ಮಾಡುವವರ ಹಾಗೆ.

ಮೂರು ದಿನ ಕೋಲಾರದಲ್ಲಿ ಇಟ್ಟುಕೊಂಡು ಕಳಿಸಿದರು. ಕೈಕಾಲು, ಮಾತು, ಬೈಗುಳ ಎಲ್ಲ ಸರಿಯಾಗಿತ್ತು. ಅಂದಿನಿಂದ ಬೆಳಿಗ್ಗೆ ಮಾತ್ರೆಯನ್ನು ಮೊದಲು ಗೂಡಿನ ಕಡೆ ತೋರಿಸಿ, ನಿಂದೂ ಸೇರಿ ನುಂಗ್ತಿದ್ದೀನಿ ಎಂದು ಹೇಳಿ ಬಾಯಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಆಸ್ಪತ್ರೆಯ ಕಾರ್ಡಿನಲ್ಲಿ ಇವತ್ತಿಗೂ ಅವರ ಹೆಸರು ಗಂಗಮ್ಮ. ತಿದ್ದಿಸೋಣವೆಂದರೆ ಬೇಡ ಎನ್ನುತ್ತಾರೆ. ಕಾಯಿಲೆ ಅವಳ ಹೆಸರಿನಲ್ಲಿರಲಿ, ಆರೋಗ್ಯ ತಮ್ಮ ಹೆಸರಿನಲ್ಲಿರಲಿ ಎಂಬ ಲೆಕ್ಕವೋ ಏನೋ.

ಊರಿನಲ್ಲೂ ಒಂದು ಬದಲಾವಣೆಯಾಯಿತು. ಗಂಗಮ್ಮನಿಗೇ ಬಂದ ಮೇಲೆ ನಮ್ಮದೇನು ಎಂದು ಜನ ತಾವಾಗಿ ರತ್ನನ ಗಾಡಿ ಅಡ್ಡಗಟ್ಟಿ ತೋಳು ಚಾಚಿದರು. ಹಿತ್ತಲ ಬಾಗಿಲಿನಿಂದ ಓಡುತ್ತಿದ್ದ ಮುದುಕರೂ ಮುಂಬಾಗಿಲಿಗೆ ಬಂದರು. ಪಾಪಕ್ಕನಿಗೂ ಇತ್ತು ಎಂದು ಗೊತ್ತಾಯಿತು. ಅವಳು ಅದನ್ನು ಹಬ್ಬದ ಸುದ್ದಿಯ ಹಾಗೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ತಿಂಗಳ ಮಾತ್ರೆಯನ್ನು ರತ್ನ ಈಗ ಮನೆಗೇ ತಂದುಕೊಡುತ್ತಾಳೆ. ಡಾಕ್ಟರಮ್ಮ ಬರುವುದು ಇವತ್ತಿಗೂ ವಾರಕ್ಕೆ ಮೂರೇ ದಿನ.

ಆದದ್ದು ಇಷ್ಟು. ಇದಕ್ಕೆ ಅರ್ಥ ಹೇಳಿದವರು ಬಹಳ ಮಂದಿ. ಯಜಮಾನರು ಇವತ್ತಿಗೂ ರಿಮೋಟಿನ ಸೆಲ್ಲು ಎಂದೇ ಹೇಳುತ್ತಾರೆ. ಡಾಕ್ಟರಮ್ಮ, ಮಿಷನ್ನಿನೊಳಗೆ ಉಳಿದಿದ್ದ ಹಳೆಯ ರೋಗಿಯ ಅಂಕಿ ಕಂಡಿರಬಹುದು ಎಂದರು. ಕಾಣಲಿಕ್ಕೂ ಸೆಲ್ಲು ಬೇಕು, ಪಟ್ಟಿ ಉಬ್ಬಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ರತ್ನ ಅಂತೂ ಅಂಥ ಅಂಕಿ ಆ ಮಿಷನ್ನಿನಲ್ಲಿ ಯಾರಿಗೂ ಬಂದೇ ಇರಲಿಲ್ಲ ಎಂದು ಆಣೆ ಮಾಡಿದಳು. ಒಂದು ದಿನ ಅವಳನ್ನು ಕಾಡಿ, ಸೆಲ್ಲು ಹಾಕಿಸಿ, ಅದೇ ಪಟ್ಟಿಯನ್ನು ನೀರು ಕುಡಿಯುವ ಬೇರೆ ಚೊಂಬಿಗೆ, ಅಕ್ಕಿ ಡಬ್ಬಕ್ಕೆ, ಒನಕೆಗೆ, ಕೊನೆಗೆ ಕುಂಬಳಕಾಯಿಗೂ ಸುತ್ತಿ ನೋಡಿದೆ. ಎಲ್ಲದಕ್ಕೂ ಉಬ್ಬಿತು, ಒಂದಕ್ಕೂ ಅಂಕಿ ತೋರಿಸಲಿಲ್ಲ. ಅಮ್ಮನಿಗೆ ಮಾತ್ರ ಮತ್ತೆ ಸುತ್ತಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಉತ್ತರ ಕೊಟ್ಟವಳನ್ನು ಮತ್ತೆ ಪರೀಕ್ಷೆ ಮಾಡುವುದು ನನಗೆ ಸರಿ ಕಾಣಲಿಲ್ಲ.

ಬೇಡಿಕೊಂಡೆ, ಆಯಿತು ಎಂದು ಸುಮ್ಮನಾಗಬಹುದು. ಆದರೆ ಊರಿನಲ್ಲಿ ಬೇಡಿಕೊಂಡವರು ನಾನೊಬ್ಬಳೇ ಅಲ್ಲ. ತಿಮ್ಮಯ್ಯನವರ ಹೆಂಡತಿ ನನಗಿಂತ ಹೆಚ್ಚು ಬೇಡಿದ್ದರು, ತಿಮ್ಮಯ್ಯನವರಿಗೆ ಅದೇ ವರ್ಷ ಬಲಗೈ ಬಲಗಾಲು ಬಿದ್ದುಹೋಯಿತು. ಅವರಿಗೆ ಏಕೆ ಯಾರೂ ತೋರಿಸಲಿಲ್ಲ ಎಂದು ಕೇಳಿದರೆ, ಗೊತ್ತಿಲ್ಲ ಎಂದಷ್ಟೇ ಹೇಳಬಲ್ಲೆ. ಗೊತ್ತಿರುವವರು ಇದ್ದರೆ ಹೇಳಲಿ, ನಾನು ಜಗಳವಾಡುವುದಿಲ್ಲ.

ಇದನ್ನು ಬರೆಯುತ್ತಾ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಂಗಳದಿಂದ ಅತ್ತೆಯ ಗಂಟಲು ಕೇಳುತ್ತಿದೆ, ಮೂರು ಮನೆಯಾಚೆಗೂ ಕೇಳುವ ಹಾಗೆ. "ಏನಮ್ಮಾ, ಇನ್ನೂ ಬರೀತಾನೇ ಇದ್ದೀಯಾ? ಕರೆಂಟು ಓಗಾದ್ರೊಳಗೆ ರಾಗಿ ಮಿಲ್ಲಿಗೆ ತಗೊಂಡೋಗು! ಮಿಲ್ಲಿನೋನು ಬೀಗ ಆಕಿದ್ರೆ ರಾತ್ರಿ ಮುದ್ದೆಗೆ ನಿನ್ ಕಾಗ್ದ ಕಲಸ್ತೀಯಾ?"

ರಾಗಿ ಡಬ್ಬ ತಲೆಯ ಮೇಲಿಟ್ಟುಕೊಂಡು ಹೊರಟೆ.